ನಗರದ ಬಾವಿ, ಮ್ಯಾಡಿಸನ್ನನ ಊಟದ ಮೇಜು

ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ

ಪ್ರಥಮ ಪಿಯುಸಿ ಇತಿಹಾಸದಲ್ಲಿ ಅಮೆರಿಕದ ಸ್ವಾತಂತ್ರ್ಯ ಸಮರ ಓದುತ್ತೇವೆ. ದ್ವಿತೀಯ ಪಿಯುಸಿಯಲ್ಲಿ ಆಂಗ್ಲೋ-ಮೈಸೂರು ಯುದ್ಧಗಳನ್ನು ಓದುತ್ತೇವೆ. ಎರಡು ವರ್ಷ, ಎರಡು ಪುಸ್ತಕ. ಆದರೆ ಎರಡರಲ್ಲೂ ಬರುವ ಒಬ್ಬ ಮನುಷ್ಯನಿದ್ದಾನೆ. 1781ರ ಅಕ್ಟೋಬರಿನಲ್ಲಿ ಯಾರ್ಕ್‌ಟೌನ್‌ನಲ್ಲಿ ಜಾರ್ಜ್ ವಾಷಿಂಗ್ಟನ್ನನಿಗೆ ತನ್ನ ಸೇನೆಯನ್ನು ಒಪ್ಪಿಸಿದ ಕಾರ್ನ್‌ವಾಲಿಸ್. ಹನ್ನೊಂದು ವರ್ಷವೂ ಆಗಿರಲಿಲ್ಲ, ಅದೇ ಕಾರ್ನ್‌ವಾಲಿಸ್ 1792ರಲ್ಲಿ ಶ್ರೀರಂಗಪಟ್ಟಣದ ಎದುರು ನಿಂತು ಟಿಪ್ಪುವಿನಿಂದ ಅರ್ಧ ರಾಜ್ಯ, 3 ಕೋಟಿ 30 ಲಕ್ಷ ರೂಪಾಯಿ ಮತ್ತು ಒತ್ತೆಯಾಗಿ ಇಬ್ಬರು ಮಕ್ಕಳನ್ನು ಪಡೆದ. ಟಿಪ್ಪು ಸತ್ತದ್ದು 1799ರ ಮೇ 4ರಂದು. ವಾಷಿಂಗ್ಟನ್ ಸತ್ತದ್ದು ಅದೇ ವರ್ಷದ ಡಿಸೆಂಬರ್ 14ರಂದು.

ಇಲ್ಲೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಪರೀಕ್ಷೆಯ ಉತ್ತರದಲ್ಲಿ ಬರೆಯುವ ಹಾಗೆ ರಾಜರಿಗೂ ಅಧ್ಯಕ್ಷರಿಗೂ ಏಕವಚನವನ್ನೇ ಬಳಸಿದ್ದೇನೆ. ನಮ್ಮ ಮನೆಯ ಉರ್ದುವಿನಲ್ಲಿ ಟಿಪ್ಪುವಿನ ಹೆಸರಿಗೆ 'ಹಜರತ್' ಸೇರಿಸದೆ ಮಾತಿಲ್ಲ. ಕನ್ನಡದಲ್ಲಿ 'ಮಾಡಿದನು' ಎಂದರೆ ಕೆಲವರಿಗೆ ಬೇಸರ, 'ಮಾಡಿದರು' ಎಂದರೆ ಇನ್ನು ಕೆಲವರಿಗೆ ಬೇಸರ. ಅದಕ್ಕಾಗಿ ಎಲ್ಲರಿಗೂ ಒಂದೇ ಅಳತೆ.

ಈ ಲೇಖನ ಅಮೆರಿಕದ ಮೊದಲ ಅಧ್ಯಕ್ಷರನ್ನು ಅಲ್ಲಿನ ಇತಿಹಾಸಕಾರರು, ಶಿಕ್ಷಕರು ಹೇಗೆ ಕಲಿಸುತ್ತಾರೆ ಎಂಬುದರ ಬಗ್ಗೆ. ಶಿವಮೊಗ್ಗದಲ್ಲಿ ಕುಳಿತ ನಮಗೆ ಅದೇಕೆ ಎಂದು ಕೇಳಬಹುದು. ಟಿಪ್ಪುವಿನ ಪಾಠ ಬಂದ ದಿನ ತರಗತಿ ಹೇಗಿರುತ್ತದೆ ಎಂದು ನೆನಪಿಸಿಕೊಳ್ಳಿ. ಹೈಸ್ಕೂಲಿನಿಂದಲೂ ನೋಡುತ್ತಿದ್ದೇನೆ. ಅರ್ಧ ಜನ ಹೊಗಳಲು ಕಾಯುತ್ತಾರೆ, ಅರ್ಧ ಜನ ತೆಗಳಲು ಕಾಯುತ್ತಾರೆ, ಮಧ್ಯದಲ್ಲಿ ಪಾಠ ಬೇಗ ಮುಗಿದರೆ ಸಾಕು ಎಂದು ಕೆಲವರು ಗಡಿಯಾರ ನೋಡುತ್ತಾರೆ. ಒಂದು ಫ್ಲೆಕ್ಸ್‌ಗಾಗಿ ನಮ್ಮ ಊರಿನಲ್ಲಿ ಅಂಗಡಿಗಳು ಬಾಗಿಲು ಹಾಕಿದ ದಿನಗಳೂ ಎಲ್ಲರಿಗೆ ಗೊತ್ತು. ಹಾಗಾಗಿ ತಮ್ಮ ದೇಶ ಕಟ್ಟಿದವರ ಬಗ್ಗೆ ಜಗಳವಿರುವ ಇನ್ನೊಂದು ದೇಶದಲ್ಲಿ ಈ ಪಾಠವನ್ನು ಹೇಗೆ ಮಾಡುತ್ತಾರೆ ಎಂದು ತಿಳಿದುಕೊಳ್ಳುವುದು ನಮ್ಮದೇ ಕೆಲಸ.

ಅಮೆರಿಕಕ್ಕೆ ಹೋಗುವ ಮೊದಲು ನಮ್ಮ ಜಿಲ್ಲೆಯ ನಗರಕ್ಕೆ ಹೋಗೋಣ. ಹೊಸನಗರ ತಾಲೂಕಿನ ನಗರ ಈಗ ಸಣ್ಣ ಊರು. ಮೊದಲು ಅದು ಕೆಳದಿ ಅರಸರ ರಾಜಧಾನಿ ಬಿದನೂರು. 1763ರಲ್ಲಿ ರಾಣಿ ವೀರಮ್ಮಾಜಿಯಿಂದ ಹೈದರಾಲಿ ಅದನ್ನು ಗೆದ್ದುಕೊಂಡು ಹೈದರ್‌ನಗರ ಎಂದು ಹೆಸರಿಟ್ಟ. ಕಾಲ ಕಳೆದಂತೆ 'ಹೈದರ್' ಬಿಟ್ಟುಹೋಗಿ 'ನಗರ' ಉಳಿಯಿತು. ಬಿದನೂರಿನ ಖಜಾನೆ ಕೈಗೆ ಬಂದ ಮೇಲೆಯೇ ಹೈದರ್ ದೊಡ್ಡ ಶಕ್ತಿಯಾಗಿ ಬೆಳೆದದ್ದು.

ಆ ಹೆಸರು ಎಷ್ಟು ದೂರ ಹೋಯಿತು ಎಂದರೆ, 1782ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದವರು ಬ್ರಿಟಿಷರ ವಿರುದ್ಧ ಸಜ್ಜುಗೊಳಿಸಿದ ಒಂದು ಹಡಗಿನ ಹೆಸರು 'ಹೈದರ್ ಅಲಿ'. ಜೋಶುವಾ ಬಾರ್ನಿ ಎಂಬ ಯುವಕ ಅದರ ಕ್ಯಾಪ್ಟನ್. ಆ ವರ್ಷದ ಏಪ್ರಿಲ್ 8ರಂದು ಡೆಲವೇರ್ ಕೊಲ್ಲಿಯಲ್ಲಿ ತನಗಿಂತ ಹೆಚ್ಚು ತೋಪುಗಳಿದ್ದ 'ಜನರಲ್ ಮಂಕ್' ಎಂಬ ಬ್ರಿಟಿಷ್ ಹಡಗನ್ನು ಅದು ಹಿಡಿಯಿತು. ಫಿಲಿಪ್ ಫ್ರೆನೋ ಎಂಬ ಕವಿ ಆ ಹಡಗಿನ ಮೇಲೆ ಪದ್ಯವನ್ನೂ ಬರೆದ. ಅದೇ ವರ್ಷ ಡಿಸೆಂಬರಿನಲ್ಲಿ ಹೈದರ್ ತೀರಿಕೊಂಡ.

ಎರಡನೆಯ ನಂಟು ಬೆಂಕಿಯದು. 2018ರ ಜುಲೈನಲ್ಲಿ ಪುರಾತತ್ವ ಇಲಾಖೆಯವರು ನಗರದ ಒಂದು ಹಾಳು ಬಾವಿಯನ್ನು ಅಗೆದಾಗ ಸಾವಿರಕ್ಕೂ ಹೆಚ್ಚು ಕಬ್ಬಿಣದ ರಾಕೆಟ್‌ಗಳು ಸಿಕ್ಕವು. ಬಾವಿಯ ಮಣ್ಣಿನಲ್ಲಿ ಮದ್ದಿನ ವಾಸನೆ ಇತ್ತಂತೆ. ಅದಕ್ಕೂ ಮೊದಲು 2002ರಲ್ಲಿ ಅದೇ ಊರಲ್ಲಿ ಸುಮಾರು 160 ರಾಕೆಟ್‌ಗಳು ಸಿಕ್ಕಿದ್ದವು. ಹೈದರ್ ಮತ್ತು ಟಿಪ್ಪುವಿನ ಸೈನ್ಯದ ವಿಶೇಷವೇ ಈ ಕಬ್ಬಿಣದ ಕೊಳವೆಯ ರಾಕೆಟ್. ಬಿದಿರಿನ ಅಥವಾ ಕಾಗದದ ಕೊಳವೆಗಿಂತ ಕಬ್ಬಿಣದ ಕೊಳವೆ ಹೆಚ್ಚು ಒತ್ತಡ ತಡೆಯುತ್ತದೆ, ಆದ್ದರಿಂದ ಹೆಚ್ಚು ದೂರ ಹಾರುತ್ತದೆ. ಇಷ್ಟು ವಿಜ್ಞಾನ ಕಾಮರ್ಸ್‌ನವರಿಗೂ ಅರ್ಥವಾಗುತ್ತದೆ.

1799ರ ನಂತರ ಈ ರಾಕೆಟ್‌ಗಳು ಇಂಗ್ಲೆಂಡಿನ ವುಲಿಚ್ ಶಸ್ತ್ರಾಗಾರಕ್ಕೆ ಹೋದವು. ಅಲ್ಲಿ ವಿಲಿಯಂ ಕಾಂಗ್ರೀವ್ ಇವುಗಳ ಆಧಾರದಲ್ಲಿ ಬ್ರಿಟಿಷ್ ರಾಕೆಟ್ ಮಾಡಿದ. ಆ ರಾಕೆಟ್ 1814ರಲ್ಲಿ ಅಮೆರಿಕದ ಮೇಲೆಯೇ ಹಾರಿತು. ಆಗ ಅಧ್ಯಕ್ಷನಾಗಿದ್ದವನು ನಾಲ್ಕನೆಯವನಾದ ಜೇಮ್ಸ್ ಮ್ಯಾಡಿಸನ್. ಆಗಸ್ಟ್ 24ರಂದು ಬ್ಲೇಡೆನ್ಸ್‌ಬರ್ಗ್ ಎಂಬಲ್ಲಿ ರಾಕೆಟ್ ಕಂಡು ಅಮೆರಿಕದ ಕಾಲಾಳುಗಳು ಚದುರಿದರು. ಮ್ಯಾಡಿಸನ್ ಆ ದಿನ ಯುದ್ಧ ನಡೆಯುವ ಜಾಗದ ಹತ್ತಿರವೇ ಇದ್ದ. ಸಂಜೆಗೆ ಬ್ರಿಟಿಷರು ರಾಜಧಾನಿಯೊಳಗೆ ಬಂದು ಅಧ್ಯಕ್ಷನ ಮನೆಗೆ ಬೆಂಕಿ ಹಚ್ಚಿದರು. ಮೂರು ವಾರದ ನಂತರ ಬಾಲ್ಟಿಮೋರ್ ಬಳಿಯ ಕೋಟೆಯ ಮೇಲೆ ರಾತ್ರಿಯಿಡೀ ರಾಕೆಟ್ ಹಾರಿದ್ದನ್ನು ಕಂಡು ಫ್ರಾನ್ಸಿಸ್ ಸ್ಕಾಟ್ ಕೀ ಬರೆದ ಹಾಡೇ 1931ರಲ್ಲಿ ಅಮೆರಿಕದ ರಾಷ್ಟ್ರಗೀತೆಯಾಯಿತು. ಅದರಲ್ಲಿ ರಾಕೆಟ್‌ನ ಕೆಂಪು ಬೆಳಕಿನ ಮಾತು ಇದೆ. ಅಬ್ದುಲ್ ಕಲಾಂ ಅವರು 1963ರಲ್ಲಿ ತರಬೇತಿಗೆ ಹೋದಾಗ ನಾಸಾದ ವಾಲಪ್ಸ್ ಕೇಂದ್ರದಲ್ಲಿ ಟಿಪ್ಪುವಿನ ರಾಕೆಟ್ ಯುದ್ಧದ ಚಿತ್ರ ನೋಡಿದ್ದನ್ನು ತಮ್ಮ ಆತ್ಮಕಥೆಯಲ್ಲಿ ಹೇಳಿದ್ದಾರೆ.

ಇಲ್ಲಿಗೆ ನಿಲ್ಲಿಸಿದರೆ ಎಲ್ಲರೂ ಚಪ್ಪಾಳೆ ತಟ್ಟಬಹುದು. ಆದರೆ 'ನಮ್ಮ ರಾಕೆಟ್' ಎಂದು ಎದೆ ತಟ್ಟಿಕೊಳ್ಳುವುದು ಇತಿಹಾಸದ ಪಾಠ ಅಲ್ಲ, ಕ್ವಿಜ್. ಅಮೆರಿಕದ ಶಿಕ್ಷಕರು ಅದೇ ಆಗಸ್ಟ್ 24ರ ಸಂಜೆಯನ್ನು ಹೇಗೆ ಪಾಠ ಮಾಡುತ್ತಾರೆ ಎಂಬುದು ನನಗೆ ಹೆಚ್ಚು ಮುಖ್ಯ ಎನಿಸಿತು.

ಅಧ್ಯಕ್ಷನ ಹೆಂಡತಿ ಡಾಲಿ ಮ್ಯಾಡಿಸನ್ ಬೆಂಕಿ ಬೀಳುವ ಮೊದಲು ಗೋಡೆಯ ಮೇಲಿದ್ದ ವಾಷಿಂಗ್ಟನ್ನನ ದೊಡ್ಡ ಚಿತ್ರವನ್ನು ಹೊತ್ತುಕೊಂಡು ಓಡಿದಳು ಎಂಬುದು ಅಲ್ಲಿನ ಮಕ್ಕಳೆಲ್ಲ ಕೇಳಿದ ಕಥೆ. ಆ ದಿನ ಆ ಮನೆಯಲ್ಲಿ ಪಾಲ್ ಜೆನ್ನಿಂಗ್ಸ್ ಎಂಬ ಹುಡುಗನಿದ್ದ. ಹುಟ್ಟಿದ್ದು 1799ರಲ್ಲಿ, ಅಂದರೆ ಆಗ ಸುಮಾರು 15 ವರ್ಷ, ನಮಗಿಂತ ಚಿಕ್ಕವನು. ಮ್ಯಾಡಿಸನ್ನನ ಗುಲಾಮ. ಅಧ್ಯಕ್ಷ ಊಟಕ್ಕೆ ಬರುತ್ತಾನೆಂದು ಮೇಜು ಸಿದ್ಧ ಮಾಡಿದವನು ಅವನೇ. ಆ ಊಟವನ್ನು ಕೊನೆಗೆ ತಿಂದವರು ಬ್ರಿಟಿಷರು. ಜೆನ್ನಿಂಗ್ಸ್‌ನ ನೆನಪುಗಳು 1865ರಲ್ಲಿ ಒಂದು ಸಣ್ಣ ಪುಸ್ತಕವಾಗಿ ಬಂದವು. ಚಿತ್ರವನ್ನು ಡಾಲಿ ಹೊತ್ತುಕೊಂಡು ಹೋದಳೆಂಬುದು ಸುಳ್ಳು, ಅದನ್ನು ಇಳಿಸಲು ಏಣಿ ಬೇಕಿತ್ತು, ಇಳಿಸಿದವರು ಮನೆಯ ಬಾಗಿಲು ಕಾಯುವವನು ಮತ್ತು ತೋಟದವನು ಎಂದು ಅವನು ಹೇಳಿದ. ಚಿತ್ರ ಉಳಿಸಿ ಎಂದು ಅಪ್ಪಣೆ ಕೊಟ್ಟವಳು ತಾನು ಎಂದು ಡಾಲಿಯ ಪತ್ರದಲ್ಲಿದೆ. ಹಾಗಾದರೆ ಚಿತ್ರ ಉಳಿಸಿದವರು ಯಾರು? ಹೇಳಿದವಳೋ, ಏಣಿ ಹತ್ತಿದವರೋ? ಎರಡೂ ಕಾಗದಗಳನ್ನು ಮಕ್ಕಳ ಮುಂದೆ ಇಟ್ಟರೆ ಪಾಠ ತಾನಾಗಿಯೇ ನಡೆಯುತ್ತದೆ. ಶಿಕ್ಷಕರು ಯಾರನ್ನೂ ಹೊಗಳಬೇಕಿಲ್ಲ.

ಜೆನ್ನಿಂಗ್ಸ್‌ನ ಬಗ್ಗೆ ಇನ್ನೊಂದು ಲೆಕ್ಕವೂ ಇದೆ. 1847ರಲ್ಲಿ ಡೇನಿಯಲ್ ವೆಬ್‌ಸ್ಟರ್ ಎಂಬ ಸೆನೆಟರ್ 120 ಡಾಲರ್ ಕೊಟ್ಟು ಅವನ ಬಿಡುಗಡೆ ಕೊಂಡ. ಆ ಹಣವನ್ನು ಜೆನ್ನಿಂಗ್ಸ್ ತಿಂಗಳಿಗೆ 8 ಡಾಲರಿನಂತೆ ಕೆಲಸ ಮಾಡಿ ತೀರಿಸಬೇಕು ಎಂದು ಒಂದು ಚೀಟಿಯಲ್ಲಿ ಬರೆದುಕೊಂಡರು. 120ನ್ನು 8ರಿಂದ ಭಾಗಿಸಿ: 15 ತಿಂಗಳು. ಬಡ್ಡಿ ಇಲ್ಲ. ಅಧ್ಯಕ್ಷನ ಮನೆಯಲ್ಲಿ ಬೆಳೆದ, ಓದು ಬರಹ ಬಲ್ಲ 48 ವರ್ಷದ ಒಬ್ಬ ಮನುಷ್ಯ ತನಗೆ ತಾನೇ ಸಿಗಲು ಬೇಕಾದ ಕಾಲ ಅದು.

ನನ್ನನ್ನು ಈ ವಿಷಯಕ್ಕೆ ಎಳೆದದ್ದು ಇಂಥ ಲೆಕ್ಕಗಳೇ. ಅಮೆರಿಕದ ಮೊದಲ ಅಧ್ಯಕ್ಷರನ್ನು ಕಲಿಸುವವರು ಭಾಷಣಗಳಿಗಿಂತ ಲೆಕ್ಕದ ಪುಸ್ತಕಗಳನ್ನು ಹೆಚ್ಚು ನಂಬುತ್ತಾರೆ ಎಂದು ಕಾಣುತ್ತದೆ. ವಾಷಿಂಗ್ಟನ್ ಚಿಕ್ಕಂದಿನಿಂದ ಸಾಯುವವರೆಗೆ ಲೆಕ್ಕ ಬರೆದವನು. 1775ರಲ್ಲಿ ಸೇನಾಧಿಪತಿಯಾದಾಗ ಸಂಬಳ ಬೇಡ, ಖರ್ಚು ಮಾತ್ರ ಕೊಡಿ ಎಂದ. ಯುದ್ಧ ಮುಗಿದ ಮೇಲೆ 1783ರಲ್ಲಿ ಎಂಟು ವರ್ಷದ ಖರ್ಚನ್ನು ತನ್ನ ಕೈಬರಹದಲ್ಲೇ ಬರೆದು ಒಪ್ಪಿಸಿದ. ಅದನ್ನು ತಪಾಸಣೆ ಮಾಡಿದವರಿಗೆ ಸಿಕ್ಕ ವ್ಯತ್ಯಾಸ ಒಂದು ಡಾಲರಿಗಿಂತ ಕಡಿಮೆ, ಅದೂ ವಾಷಿಂಗ್ಟನ್ನನಿಗೇ ಬರಬೇಕಾದದ್ದು. ನಮ್ಮ ಟ್ರಯಲ್ ಬ್ಯಾಲೆನ್ಸ್ ತಾಳೆಯಾಗದೆ ಸಸ್ಪೆನ್ಸ್ ಖಾತೆ ತೆರೆಯುವ ನಮಗೆ ಇದು ನಾಚಿಕೆ ತರುವ ವಿಷಯ!

ಅದೇ ಕೈ 1799ರಲ್ಲಿ ಇನ್ನೊಂದು ಪಟ್ಟಿ ಬರೆಯಿತು. ಅವನ ಮೌಂಟ್ ವರ್ನನ್ ಎಸ್ಟೇಟಿನಲ್ಲಿದ್ದ 317 ಗುಲಾಮರ ಪಟ್ಟಿ. ಹೆಸರು, ಕೆಲಸ, ಯಾರು ಯಾರ ಹೆಂಡತಿ, ಯಾರಿಗೆ ಎಷ್ಟು ಮಕ್ಕಳು. ಅವರಲ್ಲಿ 123 ಜನ ಅವನ ಸ್ವಂತ ಹೆಸರಿನಲ್ಲಿದ್ದವರು. ಉಳಿದವರಲ್ಲಿ ಹೆಚ್ಚಿನವರು ಹೆಂಡತಿ ಮಾರ್ಥಾಳ ಮೊದಲ ಗಂಡನ ಆಸ್ತಿಗೆ ಸೇರಿದವರು. ತನ್ನವರನ್ನು ಮಾರ್ಥಾಳ ಕಾಲಾನಂತರ ಬಿಡುಗಡೆ ಮಾಡಬೇಕೆಂದು ಅವನು ಉಯಿಲಿನಲ್ಲಿ ಬರೆದ. ಮೊದಲ ಸಾಲಿನ ಅಧ್ಯಕ್ಷರಲ್ಲಿ ಇದು ದೊಡ್ಡ ಹೆಜ್ಜೆ. ಆದರೆ ಮೂರು ವರ್ಷ ಮೊದಲು, 1796ರ ಮೇ ತಿಂಗಳಲ್ಲಿ, ಓನಾ ಜಡ್ಜ್ ಎಂಬ ಯುವತಿ ಫಿಲಡೆಲ್ಫಿಯಾದ ಅಧ್ಯಕ್ಷನ ಮನೆಯಿಂದ ತಪ್ಪಿಸಿಕೊಂಡು ಹೋದಾಗ ಅವಳನ್ನು ಹಿಡಿದು ತರಲು ಜನ ಕಳಿಸಿದವನೂ ಇದೇ ವಾಷಿಂಗ್ಟನ್. ಅವಳು ಕೊನೆಯವರೆಗೂ ಸಿಗಲಿಲ್ಲ. ಎರಿಕಾ ಆರ್ಮ್‌ಸ್ಟ್ರಾಂಗ್ ಡನ್‌ಬಾರ್ ಎಂಬ ಇತಿಹಾಸಕಾರ್ತಿ 2017ರಲ್ಲಿ ಅವಳ ಮೇಲೆ ಇಡೀ ಪುಸ್ತಕ ಬರೆದ ಮೇಲೆ ಅವಳ ಹೆಸರು ಶಾಲೆಗಳಿಗೂ ಬಂತು.

ಮೌಂಟ್ ವರ್ನನ್ ಈಗ ಸರ್ಕಾರದ ಕೈಯಲ್ಲಿಲ್ಲ. 1858ರಲ್ಲಿ ಮಹಿಳೆಯರ ಒಂದು ಸಂಘ ಅದನ್ನು ಕೊಂಡಿತು, ಇಂದಿಗೂ ಅವರೇ ನಡೆಸುತ್ತಾರೆ. 2013ರಲ್ಲಿ ಅಲ್ಲಿ ವಾಷಿಂಗ್ಟನ್ನನ ಹೆಸರಿನ ಗ್ರಂಥಾಲಯ ತೆರೆದರು. ಶಾಲಾ ಶಿಕ್ಷಕರು ಅಲ್ಲೇ ಉಳಿದು, ಮೂಲ ಕಾಗದ ಓದಿ, ಪಾಠ ತಯಾರಿಸಿಕೊಂಡು ಹೋಗುವ ಶಿಬಿರಗಳು ನಡೆಯುತ್ತವೆ. ವರ್ಜೀನಿಯಾ ವಿಶ್ವವಿದ್ಯಾಲಯದಲ್ಲಿ 1968ರಿಂದ ವಾಷಿಂಗ್ಟನ್ನನ ಕಾಗದಪತ್ರಗಳನ್ನು ಸಂಪಾದಿಸಿ ಅಚ್ಚು ಹಾಕುತ್ತಲೇ ಇದ್ದಾರೆ. ಒಬ್ಬ ಮನುಷ್ಯನ ಕಾಗದಕ್ಕೆ ಐವತ್ತು ವರ್ಷಕ್ಕೂ ಹೆಚ್ಚು!

ಮೂರನೆಯ ಅಧ್ಯಕ್ಷ ಥಾಮಸ್ ಜೆಫರ್ಸನ್ ಬೇರೆ ರೀತಿಯ ಲೆಕ್ಕಿಗ. 1767ರಿಂದ 1826ರಲ್ಲಿ ಸಾಯುವವರೆಗೆ ದಿನದ ಖರ್ಚು ಬಿಡದೆ ಬರೆದ. ಆದರೆ ದಿನದ ಸಾಲುಗಳನ್ನು ಕೂಡಿಸಿ ತನ್ನ ನಿಜಸ್ಥಿತಿ ಏನು ಎಂದು ನೋಡುವ ಅಭ್ಯಾಸ ಇರಲಿಲ್ಲ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಜರ್ನಲ್ ಇತ್ತು, ಬ್ಯಾಲೆನ್ಸ್ ಶೀಟ್ ಇರಲಿಲ್ಲ. ಸತ್ತಾಗ ಸಾಲ 1 ಲಕ್ಷ 7 ಸಾವಿರ ಡಾಲರಿನಷ್ಟು. ಆ ಸಾಲಕ್ಕಾಗಿ 1827ರ ಜನವರಿಯಲ್ಲಿ ಅವನ ಮಾಂಟಿಸೆಲ್ಲೋ ಮನೆಯ 130 ಗುಲಾಮರನ್ನು ಹರಾಜಿಗಿಟ್ಟರು. ಎಲ್ಲ ಮನುಷ್ಯರೂ ಸಮಾನರು ಎಂಬ ಘೋಷಣೆಯನ್ನು ಬರೆದವನ ಮನೆ ಅದು. ಲೆಕ್ಕಶಾಸ್ತ್ರದ ಮೊದಲ ಅಧ್ಯಾಯದಲ್ಲಿ ಆಸ್ತಿ ಎಂದರೇನು ಎಂದು ಬಾಯಿಪಾಠ ಮಾಡಿದವಳು ನಾನು. ಆಸ್ತಿಯ ಪಟ್ಟಿಯಲ್ಲಿ ಮಕ್ಕಳ ಹೆಸರು ಇರುವುದನ್ನು ಓದಿದ ಮೇಲೆ ಆ ವ್ಯಾಖ್ಯೆ ಮೊದಲಿನಷ್ಟು ಸುಲಭವಾಗಿ ಬಾಯಿಗೆ ಬರುತ್ತಿಲ್ಲ.

ಜೆಫರ್ಸನ್ ತನ್ನ ಗುಲಾಮಳಾದ ಸ್ಯಾಲಿ ಹೆಮಿಂಗ್ಸ್‌ಳ ಮಕ್ಕಳ ತಂದೆ ಎಂಬ ಮಾತು ಅವನು ಬದುಕಿದ್ದಾಗಲೇ ಇತ್ತು. ಸ್ಯಾಲಿಯ ಮಗ ಮ್ಯಾಡಿಸನ್ ಹೆಮಿಂಗ್ಸ್ 1873ರಲ್ಲಿ ಪತ್ರಿಕೆಯೊಂದಕ್ಕೆ ಅದನ್ನೇ ಹೇಳಿದ. ಹೆಚ್ಚಿನ ಇತಿಹಾಸಕಾರರು ಒಪ್ಪಲಿಲ್ಲ. 1997ರಲ್ಲಿ ಆನೆಟ್ ಗಾರ್ಡನ್-ರೀಡ್ ಎಂಬ ಕಾನೂನು ಪ್ರಾಧ್ಯಾಪಕಿ ಒಂದು ಪುಸ್ತಕ ಬರೆದು ಸಾಕ್ಷ್ಯಗಳನ್ನು ನ್ಯಾಯಾಲಯದ ರೀತಿಯಲ್ಲಿ ತೂಗಿದರು. ಯಜಮಾನರ ಮನೆಯವರು ಹೇಳಿದ್ದನ್ನು ನಂಬುತ್ತೀರಿ, ಗುಲಾಮಳ ಮಗ ಹೇಳಿದ್ದನ್ನು ಯಾಕೆ ನಂಬುವುದಿಲ್ಲ ಎಂಬುದು ಅವರ ಪ್ರಶ್ನೆಯ ತಿರುಳು. ಜೆಫರ್ಸನ್ ಯಾವ ದಿನ ಎಲ್ಲಿದ್ದ ಎಂಬುದು ಅವನ ಲೆಕ್ಕದ ಪುಸ್ತಕಗಳಿಂದ ತಿಳಿಯುತ್ತದೆ, ಸ್ಯಾಲಿಯ ಮಕ್ಕಳು ಹುಟ್ಟಿದ ದಿನಗಳೂ ಅವನದೇ ಪುಸ್ತಕದಲ್ಲಿವೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಸಾಕಿತ್ತು. 1998ರಲ್ಲಿ ಡಿಎನ್‌ಎ ಪರೀಕ್ಷೆಯೂ ಅತ್ತಲೇ ಬೊಟ್ಟು ಮಾಡಿತು, 2000ದಲ್ಲಿ ಮಾಂಟಿಸೆಲ್ಲೋ ನಡೆಸುವ ಪ್ರತಿಷ್ಠಾನವೂ ಒಪ್ಪಿಕೊಂಡಿತು. ಈಗ ಅಲ್ಲಿಗೆ ಬರುವವರಿಗೆ ಮನೆಯೊಡೆಯನ ಗ್ರಂಥಾಲಯದ ಜೊತೆಗೆ ಸ್ಯಾಲಿಯ ಕಥೆಯನ್ನೂ ಹೇಳುತ್ತಾರೆ.

ಆ ಗ್ರಂಥಾಲಯದ ಬಗ್ಗೆಯೂ ಒಂದು ಮಾತು, ನಮ್ಮ ಓದುಗರಿಗೆ ಇಷ್ಟವಾಗಬಹುದು. ಜೆಫರ್ಸನ್ ಕಾನೂನು ವಿದ್ಯಾರ್ಥಿಯಾಗಿದ್ದಾಗ 1765ರಲ್ಲಿ ಕುರ್‌ಆನಿನ ಇಂಗ್ಲಿಷ್ ಅನುವಾದ ಕೊಂಡಿದ್ದ. ಇದು ಗೊತ್ತಾದದ್ದು ಹೇಗೆ? 'ವರ್ಜೀನಿಯಾ ಗೆಜೆಟ್' ಪತ್ರಿಕೆಯವರು ಪುಸ್ತಕವನ್ನೂ ಮಾರುತ್ತಿದ್ದರು, ಅವರ ಅಂಗಡಿಯ ದಿನದ ಲೆಕ್ಕದಲ್ಲಿ ಆ ವ್ಯಾಪಾರ ದಾಖಲಾಗಿದೆ. ಮತ್ತೆ ಲೆಕ್ಕದ ಪುಸ್ತಕವೇ. ಭದ್ರಾವತಿಯಲ್ಲಿ ನಮ್ಮ ದಾದಾ ಕಿರಾಣಿ ಅಂಗಡಿ ಇಟ್ಟಿದ್ದರು. ಅವರ ಉದ್ರಿ ಪುಸ್ತಕದಲ್ಲಿ ಹೆಸರುಗಳು ಉರ್ದುವಿನಲ್ಲಿ, ಅಂಕಿಗಳು ಕನ್ನಡದಲ್ಲಿ. ಊರಿನಲ್ಲಿ ಯಾವ ತಿಂಗಳು ಜನರ ಕೈ ಬಿಗಿಯಾಗಿತ್ತು, ಯಾರ ಮನೆಯಲ್ಲಿ ಮದುವೆ ಇತ್ತು, ಯಾರ ಸಾಲವನ್ನು ದಾದಾ ಸುಮ್ಮನೆ ಗೆರೆ ಎಳೆದು ಬಿಟ್ಟರು, ಎಲ್ಲ ಅದರಲ್ಲಿದೆ. ಬಾಯಿಬಿಟ್ಟು ಅವರು ಒಂದನ್ನೂ ಹೇಳಿದವರಲ್ಲ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಲೆಕ್ಕಶಾಸ್ತ್ರದಲ್ಲಿ ಒಂದು ನಿಯಮವಿದೆ. ಒಬ್ಬರಿಂದ ನಮಗೆ 5,000 ಬರಬೇಕು, ಇನ್ನೊಬ್ಬರಿಗೆ ನಾವು 5,000 ಕೊಡಬೇಕು ಎಂದಿಟ್ಟುಕೊಳ್ಳಿ. ಎರಡನ್ನೂ ಒಂದಕ್ಕೊಂದು ಕಳೆದು 'ಸೊನ್ನೆ' ಎಂದು ಬರೆದರೆ ಮೇಡಂ ಅಂಕ ಕೊಡುವುದಿಲ್ಲ. ಆಸ್ತಿಯ ಕಡೆ ಆಸ್ತಿ ಇರಬೇಕು, ಹೊಣೆಯ ಕಡೆ ಹೊಣೆ ಇರಬೇಕು, ಎರಡೂ ಪೂರ್ತಿಯಾಗಿ ಕಾಣಬೇಕು. ವಾಷಿಂಗ್ಟನ್ನನ ಉಯಿಲಿನಿಂದ ಓನಾ ಜಡ್ಜ್‌ಳ ವಿಷಯವನ್ನು ಕಳೆದು ಉಳಿದದ್ದು ಒಳ್ಳೆಯವನೋ ಕೆಟ್ಟವನೋ ಎಂದು ಅಲ್ಲಿನ ಒಳ್ಳೆಯ ಶಿಕ್ಷಕರು ಹೇಳುವುದಿಲ್ಲ. ಎರಡನ್ನೂ ಎರಡು ಕಡೆ ಪೂರ್ತಿ ಬರೆಯುತ್ತಾರೆ. ಅಲ್ಲಿಯೂ ಇದಕ್ಕೆ ವಿರೋಧ ಇಲ್ಲವೆಂದಲ್ಲ. ಮಹಾಪುರುಷರಿಗೆ ಮಸಿ ಬಳಿಯುತ್ತೀರಿ ಎನ್ನುವವರಿದ್ದಾರೆ, ಗುಲಾಮರನ್ನು ಇಟ್ಟುಕೊಂಡವರ ಪ್ರತಿಮೆಯೇ ಬೇಡ ಎನ್ನುವವರೂ ಇದ್ದಾರೆ. ಇಬ್ಬರೂ ನಿವ್ವಳ ಮೊತ್ತ ಕೇಳುತ್ತಿದ್ದಾರೆ ಅಷ್ಟೆ.

ನಮ್ಮಲ್ಲಿ ಹಾಗೆ ಕಲಿಸಿದವರಿಲ್ಲವೇ? ಇದ್ದಾರೆ. 1916ರಲ್ಲಿ ಮೈಸೂರು ಪುರಾತತ್ವ ಇಲಾಖೆಯ ನಿರ್ದೇಶಕರಾಗಿದ್ದ ಆರ್. ನರಸಿಂಹಾಚಾರ್ ಅವರು ಶೃಂಗೇರಿ ಮಠದಲ್ಲಿ ಒಂದು ಕಟ್ಟು ಕಾಗದ ಕಂಡರು. ಟಿಪ್ಪು ಮಠದ ಸ್ವಾಮಿಗಳಿಗೆ ಬರೆಸಿದ ಕನ್ನಡ ಪತ್ರಗಳು, ಮೂವತ್ತರಷ್ಟು. 1791ರಲ್ಲಿ ಮರಾಠಾ ಸೈನ್ಯದ ಜೊತೆ ಬಂದವರು ಮಠವನ್ನು ಲೂಟಿ ಮಾಡಿದಾಗ, ಶಾರದಾ ದೇವಿಯ ಪ್ರತಿಷ್ಠೆ ಮತ್ತೆ ಆಗಲೆಂದು 200 ರಾಹತಿ ನಗದು, 200 ರಾಹತಿ ಬೆಲೆಯ ಧಾನ್ಯ ಕೊಡುವಂತೆ ಟಿಪ್ಪು ಆಜ್ಞೆ ಮಾಡಿದ. ಆಜ್ಞೆ ಹೋದದ್ದು ಯಾರಿಗೆ? ಬಿದನೂರಿನ ಅಸಫ್‌ಗೆ. ಅಂದರೆ ರಾಕೆಟ್ ಸಿಕ್ಕಿದ ನಮ್ಮ ನಗರದ ಅಧಿಕಾರಿಗೆ.

ಈ ಪತ್ರಗಳನ್ನು ನಮ್ಮವರು ಮೊಬೈಲಿನಲ್ಲಿ ಹಂಚಿಕೊಳ್ಳುವುದನ್ನು ನೋಡಿದ್ದೇನೆ. ಒಳ್ಳೆಯದೇ. ಆದರೆ 1784ರಲ್ಲಿ ಕರಾವಳಿಯ ಸಾವಿರಾರು ಕ್ರೈಸ್ತರನ್ನು ಮನೆಮಠ ಬಿಡಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋದದ್ದೂ ಅದೇ ಟಿಪ್ಪುವಿನ ಆಜ್ಞೆಯಿಂದ. ಕೊಡಗಿನವರೂ ಸೆರೆಯಾಗಿ ಹೋದರು. ಆ ಮನೆಗಳವರಿಗೆ ಅದು ಇನ್ನೂ ನೆನಪಿದೆ. ಕಠಿಣ ಆಜ್ಞೆಗಳಿರುವ ಟಿಪ್ಪುವಿನ ಪತ್ರಗಳನ್ನು ವಿಲಿಯಂ ಕರ್ಕ್‌ಪ್ಯಾಟ್ರಿಕ್ 1811ರಲ್ಲಿ ಲಂಡನ್ನಿನಲ್ಲಿ ಇಂಗ್ಲಿಷಿಗೆ ಅನುವಾದಿಸಿ ಅಚ್ಚು ಹಾಕಿದ. ಅವನು ಕಂಪನಿಯ ಸೈನ್ಯಾಧಿಕಾರಿ, ಪತ್ರಗಳನ್ನು ಆರಿಸಿದವನೂ ಅವನೇ. ಆದ್ದರಿಂದ ಯಾವುದನ್ನು ಆರಿಸಿದ, ಯಾವುದನ್ನು ಬಿಟ್ಟ ಎಂದು ಕೇಳಲೇಬೇಕು. ಕಂಪನಿಯವನು ಎಂಬ ಒಂದೇ ಕಾರಣಕ್ಕೆ ಪುಸ್ತಕವನ್ನೇ ಮುಚ್ಚಿಡಲು ಬರುವುದಿಲ್ಲ. ಶೃಂಗೇರಿಯ ಪತ್ರಕ್ಕೂ ಅದೇ ಪ್ರಶ್ನೆ ಇರಲಿ: ಯುದ್ಧದ ನಡುವೆ ಮಠದ ಆಶೀರ್ವಾದ ಟಿಪ್ಪುವಿಗೆ ಯಾಕೆ ಬೇಕಿತ್ತು? ಭಕ್ತಿಯೋ, ರಾಜಕಾರಣವೋ, ಎರಡೂ ಹೌದೋ? ಶೃಂಗೇರಿಯನ್ನು ತೋರಿಸಿ ಮಂಗಳೂರನ್ನು ಅಳಿಸುವುದು, ಮಂಗಳೂರನ್ನು ತೋರಿಸಿ ಶೃಂಗೇರಿಯನ್ನು ಅಳಿಸುವುದು, ಎರಡೂ ಮೇಡಂ ಅಂಕ ಕೊಡದ ಉತ್ತರಗಳೇ.

ಈ ಕಾಲವನ್ನು ಜೀವನಪೂರ್ತಿ ಓದಿದವರು ಪ್ರೊ. ಬಿ. ಶೇಖ್ ಅಲಿ ಅವರು. ಹಾಸನ ಜಿಲ್ಲೆಯವರು, ಅಲಿಗಢ ಮತ್ತು ಲಂಡನ್ನಿನಲ್ಲಿ ಸಂಶೋಧನೆ ಮಾಡಿ ಮೈಸೂರಿನಲ್ಲಿ ಇತಿಹಾಸ ಕಲಿಸಿದರು. 1980ರಲ್ಲಿ ಮಂಗಳೂರು ವಿಶ್ವವಿದ್ಯಾಲಯದ ಮೊದಲ ಕುಲಪತಿಯಾದರು, ಆಮೇಲೆ ಗೋವಾ ವಿಶ್ವವಿದ್ಯಾಲಯಕ್ಕೂ ಮೊದಲ ಕುಲಪತಿ. 2022ರಲ್ಲಿ ತೀರಿಕೊಂಡರು. ಹೈದರ್ ಮತ್ತು ಇಂಗ್ಲಿಷರ ಸಂಬಂಧದ ಬಗ್ಗೆ ಅವರು ಬರೆದದ್ದಕ್ಕೆ ಇಂಗ್ಲಿಷರದೇ ದಾಖಲೆಗಳು ಆಧಾರ. ಟಿಪ್ಪುವಿನ ಬಗ್ಗೆ ಅವರ ಒಲವು ಯಾವ ಕಡೆ ಎಂದು ಓದಿದವರಿಗೆ ತಿಳಿಯುತ್ತದೆ. ಆದರೆ ಅವರು ಗಂಗರ ಇತಿಹಾಸವನ್ನೂ ಬರೆದರು, ಇತಿಹಾಸ ಬರೆಯುವ ಕ್ರಮದ ಬಗ್ಗೆಯೇ ಒಂದು ಪಠ್ಯಪುಸ್ತಕ ಬರೆದರು. ಒಬ್ಬ ಮುಸ್ಲಿಂ ಇತಿಹಾಸಕಾರ ಮುಸ್ಲಿಂ ರಾಜರ ಬಗ್ಗೆ ಮಾತ್ರ ಬರೆಯಬೇಕೆಂದು ಯಾರೂ ಅಂದುಕೊಳ್ಳಬಾರದು. ನಮ್ಮ ಕಾಲೇಜಿನಲ್ಲಿ ಇದನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕು.

ಇನ್ನೊಬ್ಬರು ನಮ್ಮ ಜಿಲ್ಲೆಯವರೇ, ಕೆಳದಿ ಗುಂಡಾ ಜೋಯಿಸರು. ಸಾಗರ ತಾಲೂಕಿನ ಕೆಳದಿಯಲ್ಲಿ ಮನೆಮನೆಗಳಿಂದ ತಾಳೆಗರಿ, ಹಳೆಯ ಕಾಗದ ಸೇರಿಸಿ ವಸ್ತುಸಂಗ್ರಹಾಲಯ ಕಟ್ಟಿದರು. ಈಗಿನವರು ಓದಲಾರದ ಹಳೆಯ ಲಿಪಿಗಳನ್ನು ಓದುತ್ತಿದ್ದರು. ಭದ್ರಾವತಿ ತಾಲೂಕಿನ ಶಂಕರಘಟ್ಟದಲ್ಲಿರುವ ಕುವೆಂಪು ವಿಶ್ವವಿದ್ಯಾಲಯಕ್ಕೆ ಆ ಸಂಗ್ರಹಾಲಯ ಸೇರಿದೆ. ಇತಿಹಾಸ ಓದಬೇಕೆನ್ನುವವರು ಮೈಸೂರಿನವರೆಗೂ ಹೋಗಬೇಕಿಲ್ಲ ಎಂದಾಯಿತು.

ಮಲೆನಾಡಿನ ಮಠ, ಅಂಗಡಿ, ಶಾನುಭೋಗರ ಮನೆಗಳಲ್ಲಿ ಮೊದಲು ಲೆಕ್ಕ ಬರೆಯುತ್ತಿದ್ದದ್ದು ಕಡತದಲ್ಲಿ. ಬಟ್ಟೆಗೆ ಹುಣಸೆಬೀಜದ ಸರಿ ಮತ್ತು ಇದ್ದಿಲ ಪುಡಿ ಬಳಿದು ಕಪ್ಪು ಮಾಡಿ, ಮಡಚಿ, ಬಳಪದಿಂದ ಬರೆಯುವ ಪುಸ್ತಕ ಅದು. ಬಟ್ಟೆ ಹೋಯಿತು, ಹೆಸರು ಉಳಿಯಿತು: ಇವತ್ತಿಗೂ ಕಚೇರಿಯ ಫೈಲಿಗೆ ಕಡತ ಎನ್ನುತ್ತೇವೆ. ಅದರೊಳಗಿನ ಮಾತುಗಳಾದ ಜಮಾ, ಖರ್ಚು, ಬಾಕಿ, ವಸೂಲಿ, ತಾರೀಖು ನಮ್ಮ ಮನೆಯಲ್ಲಿ ಆಡುವ ಮಾತುಗಳೇ. ಕನ್ನಡ ಮಾಧ್ಯಮದಲ್ಲಿ ಲೆಕ್ಕಶಾಸ್ತ್ರ ಓದುವಾಗ ಉರ್ದು ಮನೆಯ ಮಕ್ಕಳಿಗೆ ಸಿಗುವ ಸಣ್ಣ ಲಾಭ ಇದು.

ನಾಣ್ಯಕ್ಕೂ ಇದೇ ಮಾತು. ಹೈದರ್ ಬಿದನೂರು ಗೆದ್ದ ಮೇಲೆ ಹೊಡೆಸಿದ ಚಿನ್ನದ ನಾಣ್ಯದ ಒಂದು ಬದಿಯಲ್ಲಿ ಕೆಳದಿಯವರ ಕಾಲದ ಶಿವ-ಪಾರ್ವತಿಯರನ್ನು ಹಾಗೆಯೇ ಬಿಟ್ಟ. ಇನ್ನೊಂದು ಬದಿಯಲ್ಲಿ ತನ್ನ ಹೆಸರಿನ ಮೊದಲ ಪರ್ಷಿಯನ್ ಅಕ್ಷರ ಮಾತ್ರ. ಉದಾರತೆ ಎನ್ನುವವರು ಎನ್ನಲಿ. ನನಗೆ ತೋರುವುದು: ಜನ ನಂಬಿದ ನಾಣ್ಯದ ಮುಖ ಬದಲಾಯಿಸಿದರೆ ಸಂತೆಯಲ್ಲಿ ಯಾರೂ ಮುಟ್ಟುವುದಿಲ್ಲ ಎಂದು ವ್ಯಾಪಾರ ಬಲ್ಲವನಿಗೆ ಗೊತ್ತಿತ್ತು.

ನಗರದ ರಾಕೆಟ್‌ಗಳನ್ನು ನೋಡಬೇಕೆಂದರೆ ಶಿವಮೊಗ್ಗದ ಶಿವಪ್ಪ ನಾಯಕನ ಅರಮನೆ ಸಂಗ್ರಹಾಲಯಕ್ಕೆ ಹೋಗಿ. ಐದು ಬಗೆಯ ಭೂಮಿ ಗುರುತಿಸಿ, ಹನ್ನೆರಡು ವರ್ಷದ ಬೆಳೆಯ ಲೆಕ್ಕ ಹಿಡಿದು ಕಂದಾಯ ನಿಗದಿ ಮಾಡಿದನೆಂದು ಹೆಸರಾದ ಆ ಶಿವಪ್ಪ ನಾಯಕನ ಶಿಸ್ತಿನ ಬಗ್ಗೆ ಬರೆಯಲು ಇನ್ನೊಂದು ಲೇಖನವೇ ಬೇಕು.

ಕೊನೆಗೆ ಕಾಮರ್ಸ್ ವಿದ್ಯಾರ್ಥಿಗಳಿಗೊಂದು ಅಭ್ಯಾಸ. 1791ರಲ್ಲಿ ಬಿದನೂರಿನ ಅಸಫ್ ಶೃಂಗೇರಿಗೆ 200 ರಾಹತಿ ನಗದು, 200 ರಾಹತಿಯ ಧಾನ್ಯ ಕೊಟ್ಟ ಎಂದುಕೊಳ್ಳಿ. ಅವನ ಪುಸ್ತಕದಲ್ಲಿ ಇದನ್ನು ಯಾವ ಖಾತೆಗೆ ಡೆಬಿಟ್ ಮಾಡುತ್ತೀರಿ? ದಾನವೋ, ಯುದ್ಧದ ಖರ್ಚೋ, ಸುಲ್ತಾನನ ಸ್ವಂತ ಹಿಂತೆಗೆತವೋ? ಅಕೌಂಟೆನ್ಸಿ ಮೇಡಂ ಅವರನ್ನು ಕೇಳಿದೆ. "ಮೊದಲು ನೀವು ಜರ್ನಲ್ ಎಂಟ್ರಿ ಬರೆದು ತನ್ನಿ, ವಿವರಣೆ ಸಾಲು ಮರೆಯಬೇಡಿ, ಆಮೇಲೆ ಹೇಳುತ್ತೇನೆ" ಎಂದರು. ಬರೆದವರು ಶನಿವಾರದೊಳಗೆ ಗ್ರಂಥಾಲಯದ ಪಕ್ಕದ ಪತ್ರಿಕೆ ಪೆಟ್ಟಿಗೆಗೆ ಹಾಕಿ. ಹೆಸರು, ತರಗತಿ, ವಿಭಾಗ ಇರಲಿ.